ಏಳುನೂರಾ ಮೂವತ್ತು

ಕಾರ್ಡು ಜ್ವಾಳದ ಡಬ್ಬ್ಯಾಗ ಐತಿ,
ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿ, ತಳಕ್ಕ.
ಹುಳ ಹತ್ತಬಾರ್ದಂತ ಬೇವಿನೆಲಿ ಹಾಕೀನಿ,
ಜ್ವಾಳಕ್ಕೋ ಕಾರ್ಡಿಗೋ ಕೇಳಬ್ಯಾಡ್ರಿ.

ಹೆಸರು ಹಿಂದ್ಮುಂದ ಅಚ್ಚಾಗೈತಿ: ಹಲಗಲಿ, ರತ್ನವ್ವ.
ಫೋಟೋದಾಗ ನಗೂ ಹಂಗಿಲ್ಲ ಅಂದಿದ್ರು, ನಕ್ಕಿಲ್ಲ.
ಕೆಳಗ ತಾರೀಖು. ಬರೂ ಮಾರ್ಚಿಗೆ ಮುಗೀತೈತಿ
ನನ್ನ ಖಾಯಂ.

ಎರಡು ತಿಂಗಳಿಗಂತ ಬಂದಾಕಿ ನಾ.
ನವನಗರದ ಪ್ಲಾಟಿಂದು ಒಂದು ಸಹಿ ಇತ್ತು, ಅಷ್ಟ.
ಸಹಿ ಆಗೂದ್ರಾಗ ಶಶಿಕಲಾ ಹೋದ್ಲು.
ನನ್ನ ಅಕ್ಕಾ ಅನ್ನಾಕಿ ಅಕಿ ಒಬ್ಬಾಕೀನ ಇದ್ಲು.
ಸಾನಿಕಾ ಉಳಿದ್ಲು. ಆಗ ಐದನೇತ್ತಾ, ಈಗ ಒಂಬತ್ತು,
ಮುಂದಿನ ಹಲ್ಲು ಮುರಕೊಂಡಾಕಿ, ಗಣಿತದಾಗ ಖಾಯಂ ನಪಾಸು,
ರಾತ್ರಿ ನನ್ನ ಸೆರಗಿನ ತುದಿ ಬೊಟ್ಟಿಗೆ ಸುತಗೊಂಡು ಮಲಗಾಕಿ.

ಐದು ವರ್ಷದಾಗ ಏಳುನೂರಾ ಮೂವತ್ತು ದಿನ
ಅಲ್ಲೆ ಇದ್ದಿರಬೇಕು. ಅದು ಅಲ್ಲೀ ಕಾಯ್ದೆ.
ಹಾಲಿನ ಲೆಕ್ಕದ ಕ್ಯಾಲೆಂಡರಿನ್ಯಾಗ ಎಣಸ್ತೀನಿ:
ಹಾಲು ತಪ್ಪಿದ ದಿನಕ್ಕ ಕೆಂಪು ಗೀಟು,
ನಾ ಅಲ್ಲೆ ತಪ್ಪಿದ ದಿನಕ್ಕ ನೀಲಿ ಚುಕ್ಕಿ.
ಒಂದಿನ ಹಾಲಿನ ದುಂಡವ್ವ ಗ್ವಾಡಿ ನೋಡಿ ಗಾಬರಿಯಾದ್ಲು,
‘ಇಷ್ಟು ದಿನ ನಾ ತಪ್ಪಿಸಿಲ್ಲಬೇ ಯವ್ವಾ!’

ಮೂವತ್ತು ವರ್ಷದ ಹಿಂದ ಕಿಲ್ಲಾ ಓಣಿಗೆ
ಅಳ್ಯಾಕ ಬಂದವರು ನಮ್ಮ ಬಾಗಿಲಿಗೆ ಕೆಂಪು ನಂಬರ ಬರದ್ರು.
ಕಿಡಕಿ ಎಷ್ಟು, ತೊಲಿ ಎಷ್ಟು, ಹಿತ್ತಲದಾಗ ಕರಿಬೇವು ಎಷ್ಟು.
‘ನೀವಿಲ್ಲೆ ಖಾಯಂ ಇರವರೇನ್ರಿ? ಪುರಾವೆ?’
ಅಪ್ಪ ಹತ್ತಿ ಅಡತಿ ಅಂಗಡ್ಯಾಗ ಲೆಕ್ಕ ಬರ್ಯಾಂವ,
ರೇಶನ್ ಕಾರ್ಡು ತೋರಿಸಿದ, ಕರೆಂಟ್ ಬಿಲ್ಲು ತೋರಿಸಿದ,
ಕಡೀಕ ಸಾಹೇಬನ್ನ ಬಚ್ಚಲಕ್ಕ ಕರಕೊಂಡು ಹೋಗಿ
ಮೂರು ತಲಿ ಹಿಮ್ಮಡ ತಿಕ್ಕಿ ಕುಳಿಬಿದ್ದ ಕಲ್ಲು ತೋರಿಸಿದ.
ಫಾರ್ಮಿನ್ಯಾಗ ಅದಕ್ಕ ಕಾಲಮ್ ಇರಲಿಲ್ಲ.

ಮುಂದ ನೀರು ಬಂತು.
ಈಗೂ ಬರತೈತಿ, ಮಳಿಗಾಲ ಮುಗ್ಯೂದ್ರಾಗ ಮೆಟ್ಟಲ ಏರಿ,
ಬ್ಯಾಸಗಿಗೆ ಇಳದು ಹೋಗತೈತಿ.
ಅರ್ಧಾ ವರ್ಷ ಇಲ್ಲೆ, ಅರ್ಧಾ ವರ್ಷ ಎಲ್ಲೋ.
ಅದಕ್ಕ ಯಾರೂ ದಿನದ ಲೆಕ್ಕ ಕೇಳಿಲ್ಲ.
ಓಣಿ ಅದರ ಹೆಸರಿಗೆ ಆಗೈತಿ.

ವಿನಿಪೆಗ್‌ನ್ಯಾಗ ಚಳಿಗಾಲಕ್ಕ ನಾ ನದಿ ಮ್ಯಾಲಿಂದ ನಡದು
ಡ್ಯೂಟಿಗೆ ಹೋಗ್ತಿದ್ದೆ, ವೃದ್ಧಾಶ್ರಮದಾಗ ರಾತ್ರಿ ಪಾಳಿ.
ಬರ್ಫದ ಕೆಳಗ ನೀರು ಗುಳುಗುಳು ಅಂದ್ರ
ಕಿಲ್ಲಾದ ಬಚ್ಚಲ ನೆನಪಾಗಿ ನಿಂತ ಬಿಡ್ತಿದ್ದೆ.
ಹಿಮ್ಮಡ ಮರಗಟ್ಟಿದ ಮ್ಯಾಲ ಎಚ್ಚರ.
ಏಳು ವರ್ಷ. ಪೌರತ್ವಕ್ಕ ಅರ್ಜಿ ಹಾಕು ಅಂದ್ರು ಎಲ್ಲಾರೂ.
ನಾಳೆ, ಅಂದೆ.

ಈಗ ಫಾರ್ಮಿನ ಮುಂದ ಕುಂತೀನಿ.
‘ಹೊರಗ ಉಳದದ್ದಕ್ಕ ಬಲವಾದ ಕಾರಣ’,
ಕೆಳಗ ಕಡ್ಡಿಪೆಟ್ಟಿಗಿಯಷ್ಟು ಖಾಲಿ ಜಾಗ.
ಸಾನಿಕಾ ಅಂತ ಬರದೆ. ಅಳಿಸಿದೆ.
ಕೋರ್ಟಿನ ಕಾಗದ ಇನ್ನೂ ಬಂದಿಲ್ಲ,
ಮಗಳು ಅಂದ್ರ ಸುಳ್ಳಾದೀತು.
ತಂಗಿ ಮಗಳು ಅಂದ್ರ
ಅದೂ ಸುಳ್ಳ.

ಅಕಿ ಹಿಂದ ಬಂದು ನಿಂತದ್ದು ಗೊತ್ತಾಗಲಿಲ್ಲ.
‘ದೊಡ್ಡವ್ವ, ನಾನೂರಾ ಹನ್ನೆರಡು ಕಡಿಮಿ ಬೀಳತಾವ.
ನಾಳೆನ ಹೋದ್ರೂ ಮುಟ್ಟೂದಿಲ್ಲ.’
ಯಾವಾಗ ಎಣಿಸಿದ್ಲೋ, ಎಷ್ಟು ರಾತ್ರಿ,
ಒಂದೊಂದ ಚುಕ್ಕಿ ಮ್ಯಾಲ ಬೊಟ್ಟಿಟ್ಟು.
ಕೂಡಿಸಿ ನೋಡಿದೆ, ಕಳದು ನೋಡಿದೆ.
ಒಂದೂ ತಪ್ಪಿಲ್ಲ.
ಶಾಬ್ಬಾಸ್ ಅನ್ನಬೇಕಿತ್ತು, ಬಾಯಿ ಬರಲಿಲ್ಲ.

ಫಾರ್ಮು ಹರೀಲಿಲ್ಲ, ಮಡಚಲೂ ಇಲ್ಲ.
ಗಿರಣಿ ಮುಚ್ಚೂ ಹೊತ್ತಾಗಿತ್ತು, ಮನ್ಯಾಗ ಹಿಟ್ಟಿರಲಿಲ್ಲ.
ಡಬ್ಬಿ ವಾಲಿಸಿ
ತಳದ ತನಕ ಕೈ ಹಾಕಿದೆ.